ಚಿಪ್ಪಣ್ಣ ಬಚ್ಚಿಟ್ಟ ಸಾಲು

ಬಿಸ್ಕತ್ತು ಕಾರ್ಖಾನೆಯ ದೊಡ್ಡ ಓವನ್ನು ಮಾತು ಬಿಟ್ಟು ಆರು ದಿನವಾಗಿತ್ತು. ಇಡೀ ಕಾರ್ಖಾನೆಯಲ್ಲಿ ಅದೇ ಸುದ್ದಿ. ಅದೇ ಕಾರ್ಖಾನೆ ಚಿಪ್ಪಣ್ಣನ ಜೊತೆ ಮಾತು ಬಿಟ್ಟು ಏಳು ವರ್ಷವಾಗಿತ್ತು. ಅದು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ.

ಯಾರಿಗೂ ಅವನ ಮೇಲೆ ಸಿಟ್ಟಿತ್ತು ಅಂತಲ್ಲ. ಸಿಟ್ಟು ಮಾಡಿಕೊಳ್ಳಬೇಕಾದರೂ ಮನುಷ್ಯ ಕಣ್ಣಿಗೆ ಬೀಳಬೇಕಲ್ಲ! ಅವನ ಕೋಣೆ ಇದ್ದದ್ದು ಮಹಡಿ ಮೆಟ್ಟಿಲಿನ ಕೆಳಗೆ, ಖಾಲಿ ಹಿಟ್ಟಿನ ಚೀಲಗಳನ್ನು ಪೇರಿಸಿಡುವ ಓಣಿಯ ತುದಿಯಲ್ಲಿ. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಸಂಜೆ ಐದೂವರೆಗೆ ಹೊರಗೆ ಬರುತ್ತಿದ್ದ. ನಡುವೆ ಒಬ್ಬನೇ ಕೂತು ಬ್ರೆಡ್ಡು ತಿನ್ನುತ್ತಿದ್ದ. ವಯಸ್ಸು ಐವತ್ತಮೂರು. ಮದುವೆಯಾಗಬೇಕು ಅಂದುಕೊಂಡಿದ್ದಾಗ ಯಾರೂ ಕೇಳಲಿಲ್ಲ. ಯಾರೋ ಕೇಳುವ ಹೊತ್ತಿಗೆ ಒಬ್ಬನೇ ಇರುವುದು ಅಭ್ಯಾಸವಾಗಿಹೋಗಿತ್ತು. ದೂರದೂರಲ್ಲಿದ್ದ ತಂಗಿ ಪ್ರತಿ ಭಾನುವಾರ ಫೋನು ಮಾಡಿ, "ಊಟ ಆಯ್ತಾ ಅಣ್ಣ? ಮಾತ್ರೆ ತಗೊಂಡ್ಯಾ? ಸರಿ, ಇಡ್ತೀನಿ," ಎನ್ನುತ್ತಿದ್ದಳು. ವಾರಕ್ಕೆ ಅವನ ಪಾಲಿಗೆ ಬರುತ್ತಿದ್ದ ಮಾತು ಅಷ್ಟೇ.

ಅವನ ಕೆಲಸವೇ ಅಂಥದ್ದು. ಕಂಪ್ಯೂಟರಿಗೂ ಅದರೊಳಗಿನ ಬಿಡಿಭಾಗಗಳಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಚಿಪ್ಪಣ್ಣ ಆ ಡ್ರೈವರುಗಳನ್ನು ಬರೆಯುವವನು. ಸದಾ ಮೇಜಿನ ಮೇಲೆ ಹಳೇ ಚಿಪ್ಪುಗಳನ್ನು ಹರಡಿಕೊಂಡು ಕೂತಿರುತ್ತಿದ್ದುದರಿಂದ ಯಾರೋ ಒಮ್ಮೆ ಚಿಪ್ಪಣ್ಣ ಎಂದು ಕರೆದರು. ಕರೆದವರು ಕೆಲಸ ಬಿಟ್ಟು ಹೋದರು, ಹೆಸರು ಉಳಿಯಿತು. ಈಗಿನವರಲ್ಲಿ ಕೆಲವರು, ಪಾಪ, ಈ ಮನುಷ್ಯನ ಕೈಗೆ ಯಾರೋ ಚಿಪ್ಪು ಕೊಟ್ಟು ಓಡಿಹೋಗಿರಬೇಕು ಎಂದೇ ತಿಳಿದಿದ್ದರು.

ಈಗ ಓವನ್ನಿನ ಸಮಾಚಾರ. ಅದರ ಪಕ್ಕದಲ್ಲಿ ಸೂಟ್‌ಕೇಸಿನಷ್ಟು ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಎಷ್ಟು ಶಾಖವಿದೆ ಎಂದು ಅಳೆದು, ನೆಟ್‌ವರ್ಕ್ ತಂತಿಯ ಮೂಲಕ ಆಫೀಸಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಶಾಖ ಮಿತಿ ಮೀರಿದರೆ ಆಫೀಸಿನಲ್ಲಿ ಗಂಟೆ ಹೊಡೆಯುತ್ತಿತ್ತು. ಕಳೆದ ವಾರ ಪೆಟ್ಟಿಗೆಯ ಹಳೇ ಡಿಸ್ಕು ಪ್ರಾಣ ಬಿಟ್ಟಿತು. ಹೊಸದು ಹಾಕಿದರೆ, ಹೊಸ ಡಿಸ್ಕಿನ ಪ್ರೋಗ್ರಾಮುಗಳಿಗೆ ಪೆಟ್ಟಿಗೆಯೊಳಗಿನ ನೆಟ್‌ವರ್ಕ್ ಚಿಪ್ಪಿನ ಗುರುತೇ ಸಿಗಲಿಲ್ಲ. ಮೂವತ್ತು ವರ್ಷ ಹಳೆಯ ಚಿಪ್ಪು. ಮಾಡಿದವರೇ ಅದನ್ನು ಮರೆತಿದ್ದರು. ಅದಕ್ಕೊಂದು ಹೊಸ ಡ್ರೈವರ್ ಬರೆಯದೆ ಗತಿಯಿರಲಿಲ್ಲ. ಅಲ್ಲಿಯವರೆಗೆ ಓವನ್ ಮೇಸ್ತ್ರಿ ಹತ್ತು ನಿಮಿಷಕ್ಕೊಮ್ಮೆ ಓವನ್ನಿನ ಬಾಯಿಗೆ ಮುಖ ಕೊಟ್ಟು ಶಾಖ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಹೆಚ್ಚಾದರೆ ಕೈಯಲ್ಲೇ ಉರಿ ತಗ್ಗಿಸಬೇಕು. ಆರು ದಿನಕ್ಕೆ ಅವನ ಮುಖ ಒಂದು ಕಡೆ ಮಾತ್ರ ಬೆಂದ ಬನ್ನಿನಂತಾಗಿತ್ತು.

ಆ ದಿನ ಬೆಳಗ್ಗೆ ಮ್ಯಾನೇಜರು ಬಾಗಿಲಲ್ಲೇ ನಿಂತು ಹೇಳಿದರು: "ನೋಡ್ರೀ, ಇವತ್ತು ಐದು ಗಂಟೆ ಕೊನೆ. ಅಷ್ಟರೊಳಗೆ ಓವನ್ನು ಮಾತಾಡಿದ್ರೆ ಸರಿ. ಇಲ್ದಿದ್ರೆ ನಾಳೆ ಹೊಸ ಓವನ್ ಕಂಪನಿಯವರು ಬರ್ತಾರೆ, ನಾನು ಸಹಿ ಹಾಕ್ತೀನಿ. ಹಳೇ ಮಷೀನುಗಳೆಲ್ಲ ಗುಜರಿಗೆ. ಆಮೇಲೆ ನೀವು..." ಎಂದು ನಿಲ್ಲಿಸಿ, ಅವನನ್ನು ಗುಜರಿಗೆ ಹಾಕಲು ಬರುತ್ತದೋ ಇಲ್ಲವೋ ಎಂದು ಅಂದಾಜು ಮಾಡುವವರಂತೆ ಒಮ್ಮೆ ನೋಡಿ ಹೊರಟುಹೋದರು.

ಚಿಪ್ಪಣ್ಣನ ಮೇಜಿನ ಮೇಲೆ ಓವನ್ನಿನ ಪೆಟ್ಟಿಗೆಯ ಅವಳಿ ಪೆಟ್ಟಿಗೆಯೊಂದಿತ್ತು. ಡ್ರೈವರ್ ಮುಕ್ಕಾಲು ಪಾಲು ಆಗಿತ್ತು. ರಿಸೆಪ್ಷನ್ನಿಗೆ ಮಾತ್ರ ಹೋಗುವ ತಂತಿಯೊಂದನ್ನು ಅದಕ್ಕೆ ಸಿಕ್ಕಿಸಿಕೊಂಡಿದ್ದ. ಪರೀಕ್ಷೆ ಮಾಡಲು ತಂತಿಯ ಆ ತುದಿಯಿಂದ ಯಾರಾದರೂ ಏನಾದರೂ ಕಳಿಸಬೇಕಿತ್ತು. ಧೂಳು ಹಿಡಿದಿದ್ದ ಫೋನನ್ನು ಶರ್ಟಿನ ತೋಳಿನಿಂದ ಒರೆಸಿ ರಿಸೆಪ್ಷನ್ನಿಗೆ ಹಚ್ಚಿದ.

"ನಮಸ್ಕಾರ, ಯಾರು ಮಾತಾಡೋದು?"

"ನಾನು... ಚಿಪ್ಪಣ್ಣ."

"ಯಾವ ಕಂಪನಿಯಿಂದ ಸಾರ್?"

"ಇದೇ ಕಂಪನಿಯಿಂದ. ಮೆಟ್ಟಿಲ ಕೆಳಗಿಂದ."

ಎರಡು ಸಲ ಕೇಳಿ ಖಚಿತ ಮಾಡಿಕೊಂಡ ಮೇಲೆ ರಿಸೆಪ್ಷನ್ ಮೇಡಂ, ತನ್ನ ಕಂಪ್ಯೂಟರಿನಲ್ಲಿ ಅವನು ಹೇಳಿದ ಕೀಲಿ ಒತ್ತಲು ಒಪ್ಪಿಕೊಂಡಳು. ಒತ್ತಿದಳು. ಪೆಟ್ಟಿಗೆಯ ಹಸಿರು ದೀಪ ಒಮ್ಮೆ ಮಿನುಗಿತು.

"ಬಂತಾ?"

"ಬಂತು! ಇನ್ನೊಂದ್ಸಲ ಒತ್ತಿ."

"ಒತ್ತಿದೆ. ಬಂತಾ?"

"ಇಲ್ಲ."

ಅಲ್ಲೇ ಇದ್ದದ್ದು ತೊಡಕು. ಮೊದಲ ಸಂದೇಶ ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಆ ಚಿಪ್ಪಿನ ಸ್ವಭಾವವೇ ಹಾಗೆ. ಸಂದೇಶ ಬಂದಾಗ ಒಮ್ಮೆ ಗಂಟೆ ಬಾರಿಸುತ್ತದೆ. ಡ್ರೈವರ್ ಓಡಿಬಂದು ಸಂದೇಶ ಎತ್ತಿಕೊಂಡು, "ಆಯ್ತಪ್ಪ, ಕೇಳಿಸ್ತು," ಎಂದು ಹೇಳಬೇಕು. ಹೇಳದಿದ್ದರೆ ಮುನಿಸಿಕೊಂಡ ಅಳಿಯನಂತೆ ಮುಖ ತಿರುಗಿಸಿ ಕೂತುಬಿಡುತ್ತದೆ. ಆಮೇಲೆ ಲೋಕವೇ ಮುಳುಗಿದರೂ ಗಂಟೆ ಬಾರಿಸುವುದಿಲ್ಲ. ತಾನು 'ಕೇಳಿಸ್ತು' ಎಂದು ಹೇಳಿಯೇ ಇದ್ದೇನಲ್ಲ, ಇದಕ್ಕೇಕೆ ಕೇಳಿಸುತ್ತಿಲ್ಲ ಎಂದು ಚಿಪ್ಪಣ್ಣ ತಲೆ ಕೆರೆದುಕೊಂಡ.

ಹನ್ನೆರಡನೇ ಸಲ ಫೋನು ಮಾಡಿದಾಗ ರಿಸೆಪ್ಷನ್ ಮೇಡಂ ಎತ್ತಲಿಲ್ಲ. ಯಾಕೆಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಯ್ಯೋ ದೇವರೇ, ಇಲ್ಲೊಂದು ರೂಮಿದೆಯಾ? ಆರು ವರ್ಷದಿಂದ ನಾನು ಇದನ್ನ ಬೀಗ ಹಾಕಿರೋ ಬಾತ್‌ರೂಮು ಅಂದ್ಕೊಂಡಿದ್ದೆ!"

ಚಿಪ್ಪಣ್ಣ ಗಾಬರಿಯಿಂದ ಎದ್ದು, ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು, ತಾನು ಪುಸ್ತಕಗಳ ಗಂಟಿನ ಮೇಲೆ ಕೂತ. ಕೀಲಿ ಒತ್ತುವವಳೇ ಇಲ್ಲಿಗೆ ಬಂದಿದ್ದರಿಂದ ಪೆಟ್ಟಿಗೆಯನ್ನು ಇಡೀ ಆಫೀಸಿನ ತಂತಿಗೇ ಸಿಕ್ಕಿಸಿದ. ಅವಳು ಪೆಟ್ಟಿಗೆಯನ್ನು ನೋಡಿದಳು, ಹಸಿರು ದೀಪ ಮಿನುಗುವುದನ್ನು ಒಂದು ಸಲ ನೋಡಿದಳು, ಮಿನುಗದಿರುವುದನ್ನು ಎಂಟು ಸಲ ನೋಡಿದಳು. ನೋಡುತ್ತ ನೋಡುತ್ತ ತನ್ನ ಅತ್ತೆಯೂ ಹೀಗೇ ಎಂದಳು. ಒಂದು ಮಾತು ಆಡುತ್ತಾರೆ, ಅದಕ್ಕೆ ಹೂಂಗುಟ್ಟದಿದ್ದರೆ ಮೂರು ದಿನ ಬಾಯಿ ಬಿಡುವುದಿಲ್ಲ. ಅತ್ತೆಯ ಕತೆ ಅರ್ಧ ಗಂಟೆ ನಡೆಯಿತು. ಚಿಪ್ಪಣ್ಣ ಬಾಯಿ ತೆರೆದುಕೊಂಡು ಕೇಳಿದ. ಅವನ ಎದುರು ಕೂತು ಒಬ್ಬರು ಅರ್ಧ ಗಂಟೆ ಮಾತಾಡಿದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ ಹಲ್ಲಿನ ಡಾಕ್ಟರು ಒಬ್ಬರೇ ನೆನಪಾದದ್ದು. ಆಗಲೂ ಅವನು ಹೀಗೇ ಬಾಯಿ ತೆರೆದಿದ್ದ.

ರಿಸೆಪ್ಷನ್ನಿನಲ್ಲಿ ಫೋನು ಹೊಡೆದುಕೊಳ್ಳುವುದು ಕೇಳಿ ಅವಳು ಎದ್ದಳು. "ನನಗಂತೂ ತಡ್ಕೊಳ್ಳೋಕೆ ಆಗಲ್ಲ ಚಿಪ್ಪಣ್ಣೋರೇ. ಇದು ಸರಿ ಹೋಗೋವರೆಗೂ ಬರ್ತಾನೇ ಇರ್ತೀನಿ."

ಹೋದಳು. ಕೋಣೆ ಮತ್ತೆ ಎಂದಿನಂತಾಯಿತು. ಎಂದಿನಂತೆ ಇರುವುದು ಆ ಕೋಣೆಗೆ ಅಷ್ಟೇನೂ ಹೊಂದುವುದಿಲ್ಲ ಎಂದು ಅವನಿಗೆ ಅದೇ ಮೊದಲ ಸಲ ಅನ್ನಿಸಿದ್ದು.

ಹನ್ನೊಂದೂವರೆಗೆ ತಪ್ಪು ಸಿಕ್ಕಿತು. ಎಷ್ಟು ಸಣ್ಣದಿತ್ತು ಎಂದರೆ ಸಿಟ್ಟು ಬರಬೇಕು. ಆ ಚಿಪ್ಪಿನ ಒಳಗಿನ ಗೂಡುಗಳು ಪುಸ್ತಕದಂತೆ ಪುಟಪುಟವಾಗಿ ಇರುತ್ತವೆ. 'ಕೇಳಿಸ್ತು' ಎಂದು ಬರೆಯಬೇಕಾದದ್ದು ಮೊದಲನೇ ಪುಟದಲ್ಲಿ. ಸಂದೇಶ ಎಲ್ಲಿದೆ ಎಂದು ನೋಡಲು ಎರಡನೇ ಪುಟಕ್ಕೆ ಹೋಗಬೇಕು. ಚಿಪ್ಪಣ್ಣನ ಡ್ರೈವರು ಎರಡನೇ ಪುಟಕ್ಕೆ ಹೋಗಿ, ಪುಟ ವಾಪಸ್ ತಿರುವದೆ, ಅಲ್ಲೇ 'ಕೇಳಿಸ್ತು' ಎಂದು ಬರೆದು ಬರುತ್ತಿತ್ತು. ಪುಟ ಹಿಂದಕ್ಕೆ ತಿರುವುವ ಒಂದೇ ಒಂದು ಸಾಲು ಬರೆದರೆ ಮುಗಿಯಿತು. ಬರೆದ. ಓಡಿಸಿದ.

ಹಸಿರು ದೀಪ ಮಿನುಗಿತು. ಮತ್ತೆ ಮಿನುಗಿತು. ಆಫೀಸಿನ ಕಂಪ್ಯೂಟರುಗಳು ಸದಾ ಒಂದಿಲ್ಲೊಂದು ಕೂಗು ಹಾಕುತ್ತಲೇ ಇರುತ್ತವೆ. ಅದೆಲ್ಲ ಒಂದರ ಹಿಂದೊಂದು ಬಂದು ಬೀಳತೊಡಗಿತು. ಇಪ್ಪತ್ತು, ನಲವತ್ತು, ನೂರಾ ಹನ್ನೆರಡು. ಚಿಪ್ಪಣ್ಣ ಎರಡೂ ಕೈ ಮೇಲೆತ್ತಿ, "ಬಂತು!" ಎಂದು ಕೂಗಿದ. ಕೇಳಲು ಯಾರೂ ಇರಲಿಲ್ಲ. ಎತ್ತಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ತಲೆ ಸವರಿಕೊಂಡು ಇಳಿಸಿದ.

ಹೇಳೋಣವೆಂದು ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಓಣಿಯಲ್ಲಿ ಹೆಜ್ಜೆ ಸದ್ದು, ಲೋಟಗಳ ಸದ್ದು, ನಗು. ರಿಸೆಪ್ಷನ್ ಮೇಡಂ ಮೂರು ಲೋಟ ಟೀ ಹಿಡಿದು ಬರುತ್ತಿದ್ದಳು, ಹಿಂದೆ ಪ್ಯಾಕಿಂಗ್ ಸೂಪರ್‌ವೈಸರು.

ಮೂರು ಲೋಟ. ಒಂದು ತನಗೆ.

'ಸರಿ ಹೋಗೋವರೆಗೂ ಬರ್ತಾನೇ ಇರ್ತೀನಿ' ಅಂದಿದ್ದಳಲ್ಲ. ಸರಿ ಹೋಗಿದೆ ಎಂದರೆ?

ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದರೆ ಆ ಸಾಲು ಇದ್ದೂ ಇಲ್ಲದಂತೆ. ಕಂಪ್ಯೂಟರು ಅದನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆ. ಮೂವತ್ತು ವರ್ಷದ ಕೆಲಸದಲ್ಲಿ ಒಂದು ಸುಳ್ಳೂ ಹೇಳದ ಚಿಪ್ಪಣ್ಣನ ಬೆರಳುಗಳು ಅವನನ್ನು ಕೇಳದೆಯೇ ಎರಡು ಗೆರೆ ಎಳೆದು, ಮತ್ತೆ ಓಡಿಸಿದವು. ಹಸಿರು ದೀಪ ಒಮ್ಮೆ ಮಿನುಗಿ ಆರಿತು.

"ಆಯ್ತಾ ಚಿಪ್ಪಣ್ಣೋರೇ?"

"ಎಲ್ಲಿ ಆಗುತ್ತಮ್ಮ," ಎಂದ ಚಿಪ್ಪಣ್ಣ. ಮುಖ ಬಿಸಿಯಾಯಿತು. ಟೀ ಕೂಡ ಬಿಸಿಯಾಗಿತ್ತು.

ಪ್ಯಾಕಿಂಗ್ ಸೂಪರ್‌ವೈಸರಿಗೆ ಒಬ್ಬ ಭಾವಮೈದ. ಲೋಕದಲ್ಲಿ ಕೆಟ್ಟ ಯಾವ ವಸ್ತುವೂ ಆ ಭಾವಮೈದನ ಕೈ ತಪ್ಪಿಸಿಕೊಂಡು ಹೋಗಿದ್ದಿಲ್ಲ. "ಸಾರ್, ನಮ್ಮ ಭಾವಮೈದನ ವಾಷಿಂಗ್ ಮಷೀನ್‌ದೂ ಥೇಟ್ ಇದೇ ಕಂಪ್ಲೇಂಟು," ಎಂದು ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಜೋರಾಗಿ ಹಾಕಿದ. ಆ ಕಡೆಯಿಂದ ಭಾವಮೈದ ಗಂಭೀರವಾಗಿ, "ಆಫ್ ಮಾಡಿ ಆನ್ ಮಾಡಕ್ಕೆ ಹೇಳು," ಎಂದ. ಮಾಡಿದರು. ಒಂದು ಸಲ ಮಿನುಗಿತು. "ಈಗ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಆಫ್ ಮಾಡಕ್ಕೆ ಹೇಳು," ಎಂದ ಭಾವಮೈದ.

ಸುದ್ದಿ ಹಬ್ಬಿತು. ಗೇಟು ಕಾಯುವ ತಾತ ಬಂದ. ಅವನ ಪ್ರಕಾರ ಯಂತ್ರ ಎಂದರೆ ಹಿಂದಿನಿಂದ ಗುದ್ದಿದರೆ ಸರಿ ಹೋಗುವಂಥದ್ದು. "ನನ್ನ ರೇಡಿಯೋ ನಲವತ್ತು ವರ್ಷ ಹಿಂಗೇ ಹಾಡಿಸಿದೀನಪ್ಪ," ಎಂದು ಪೆಟ್ಟಿಗೆಗೆ ಬಲವಾಗಿ ಒಂದು ಗುದ್ದು ಕೊಟ್ಟ. ಪೆಟ್ಟಿಗೆ ಅಲ್ಲಾಡಲಿಲ್ಲ. ತಾತ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೂಲೆಯ ಚೀಲದ ಮೇಲೆ ಕೂತ. ಹಾಗೆ ಕೂತವನು ಮತ್ತೆ ಏಳಲೇ ಇಲ್ಲ. ಗೇಟಿನಲ್ಲಿ ಲಾರಿಯವರು ತಾವೇ ಗೇಟು ತೆಗೆದು, ತಾವೇ ರಿಜಿಸ್ಟರಿನಲ್ಲಿ ಬರೆದು ಒಳಗೆ ಬಂದರು.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಡಬ್ಬಿಗಳನ್ನು ಅಲ್ಲಿಗೇ ತಂದರು. ಚಿಪ್ಪಣ್ಣನ ಬ್ರೆಡ್ಡು ನೋಡಿ ರಿಸೆಪ್ಷನ್ ಮೇಡಂ ತನ್ನ ಡಬ್ಬಿಯಿಂದ ಅರ್ಧ ತೆಗೆದು ಅವನ ಮುಂದಿಟ್ಟಳು.

"ಮನೇಲಿ ಯಾರ್ಯಾರಿದೀರಾ?" ಎಂದು ತಾತ ಕೇಳಿದ.

"ನಾನು."

"ಮತ್ತೆ?"

ಚಿಪ್ಪಣ್ಣ ಸ್ವಲ್ಪ ಯೋಚಿಸಿ, "ನಾನೇ," ಎಂದ.

ಎಲ್ಲರೂ ತಮ್ಮ ತಮ್ಮ ಡಬ್ಬಿಯೊಳಗೆ ನೋಡತೊಡಗಿದರು. ಆ ಗಳಿಗೆಯನ್ನು ದಾಟಿಸಲು ಚಿಪ್ಪಣ್ಣ ನಾಲ್ಕು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ, ಹೇಳಲು ಯಾರೂ ಸಿಕ್ಕಿರದ ತಮಾಷೆಯೊಂದನ್ನು, ಚಿಪ್ಪಿನ ಸುತ್ತಲಿನ ಸಣ್ಣ ಲೋಹದ ಕಡ್ಡಿಗಳನ್ನು ತೋರಿಸುತ್ತ ಹೊರತೆಗೆದ. "ಈ ಚಿಪ್ಪಿಗೆ ನೂರು ಕಾಲು. ಆದ್ರೂ ಮೂವತ್ತು ವರ್ಷದಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ. ಪರ್ಮನೆಂಟ್ ಕೆಲ್ಸ ಸಿಕ್ಕಿರ್ಬೇಕು."

ಎಲ್ಲರೂ ನಕ್ಕರು. ಪ್ಯಾಕಿಂಗ್ ಸೂಪರ್‌ವೈಸರಿಗೆ ಕೆಮ್ಮು ಬರುವಷ್ಟು ನಗು. ಅದನ್ನು ಆಗಲೇ ಭಾವಮೈದನಿಗೆ ಫೋನು ಮಾಡಿ ಹೇಳಿದ. ಚಿಪ್ಪಣ್ಣ ಕಿವಿಯ ತುದಿಯವರೆಗೆ ಕೆಂಪಾಗಿ, ಇನ್ನೊಂದು ತಮಾಷೆ ಇದೆಯೇ ಎಂದು ತಲೆಯೊಳಗೆ ಹುಡುಕಿದ. ಇರಲಿಲ್ಲ. ಒಂದನ್ನೇ ಮಾಡಿಟ್ಟುಕೊಂಡಿದ್ದ.

ಅವನಿಗೆ ತಪ್ಪಿತಸ್ಥ ಭಾವನೆ ಇರಲಿಲ್ಲ ಎಂದಲ್ಲ. ಎರಡು ಗಂಟೆಯ ಹೊತ್ತಿಗೆ ಓವನ್ ಮೇಸ್ತ್ರಿ ನೋಟ್‌ಬುಕ್ಕು ಹಿಡಿದು ಕುಂಟುತ್ತಾ ಬಂದು, ಬಾಗಿಲಿನ ಚೌಕಟ್ಟಿಗೆ ಒರಗಿ ಮಂಡಿ ತಿಕ್ಕಿಕೊಂಡ. "ಏನಪ್ಪ ಚಿಪ್ಪಣ್ಣ, ಇವತ್ತಾದ್ರೂ ಆಗುತ್ತಾ? ಆಗ್ಬಿಟ್ರೆ ನನ್ನ ಎರಡೂ ಮಂಡಿ ಸೇರಿ ನಿನಗೆ ಕೈ ಮುಗೀತವೆ."

ಎರಡು ಗೆರೆ ಅಳಿಸಿದರೆ ಈ ಮನುಷ್ಯ ಕೂತುಕೊಳ್ಳಬಹುದು. ಈಗಲೇ ಅಳಿಸುತ್ತೇನೆ, ಈ ಟೀ ಮುಗಿಯಲಿ, ಎಂದುಕೊಂಡ. ಟೀ ಮುಗಿಯಿತು. ತಾತ ತನ್ನ ಮದುವೆಯ ದಿನ ಬಸ್ಸು ತಪ್ಪಿದ ಕತೆ ಶುರು ಮಾಡಿದ್ದ. ಅದು ಮುಗಿಯಲಿ ಎಂದುಕೊಂಡ. ಬಸ್ಸು ತಪ್ಪಿದ ಕತೆ ಬೇಗ ಮುಗಿಯುವಂಥದ್ದಲ್ಲ. ಮೇಸ್ತ್ರಿ ಓವನ್ನಿಗೆ ಹೋಗಿ ಬಂದ, ಹೋಗಿ ಬಂದ. ಪ್ರತಿ ಸಲ ಬಂದಾಗಲೂ ಸ್ವಲ್ಪ ಹೆಚ್ಚು ಹೊತ್ತು ನಿಂತ.

ಮೂರು ಗಂಟೆಗೆ ಭಾವಮೈದ ಫೋನಿನಲ್ಲೇ ತಂತಿಯ ಮೇಲೆ ಅನುಮಾನಪಟ್ಟ. "ಯಾವುದಾದ್ರೂ ಒಂದು ತಂತಿ ಕಿತ್ತು ಹಾಕಿ ನೋಡು," ಎಂದ. ಗೋಡೆಯ ಮೇಲೆ ಇಡೀ ಆಫೀಸಿನ ತಂತಿಗಳು ಬಂದು ಸೇರುವ ಹಲಗೆಯೊಂದಿತ್ತು. ಚಿಪ್ಪಣ್ಣ "ಬೇಡ ಬೇಡ," ಎನ್ನುವಷ್ಟರಲ್ಲಿ ಸೂಪರ್‌ವೈಸರು ಎಲ್ಲಕ್ಕಿಂತ ದಪ್ಪಗಿದ್ದ ತಂತಿಯನ್ನು ಮೂಲಂಗಿಯಂತೆ ಕಿತ್ತು ಕೈಯಲ್ಲಿ ಹಿಡಿದಿದ್ದ. ಐದೇ ನಿಮಿಷ. ಇಡೀ ಆಫೀಸಿನ ಪರದೆಗಳು ಕಲ್ಲಾದವು. ಮಹಡಿಯಿಂದ ಗುಮಾಸ್ತರು ಒಬ್ಬೊಬ್ಬರಾಗಿ ಇಳಿದು, ತಂತಿಗಳೆಲ್ಲ ಎಲ್ಲಿಗೆ ಹೋಗುತ್ತವೆಂದು ಗೋಡೆಯುದ್ದಕ್ಕೂ ಹುಡುಕಿಕೊಂಡು ಬಂದು, ಕೊನೆಗೆ ಚಿಪ್ಪಣ್ಣನ ಕೋಣೆ ತಲುಪಿದರು. ತಂತಿಯನ್ನು ವಾಪಸ್ ಸಿಕ್ಕಿಸಿದ ಮೇಲೂ ಯಾರೂ ಹೋಗಲಿಲ್ಲ. ಇಷ್ಟು ಜನ ಸೇರಿದ್ದಾರೆ ಎಂದರೆ ಏನೋ ಇರಲೇಬೇಕಲ್ಲ! ಕೋಣೆ ಸಂಜೆಯ ಬಸ್ಸಿನಂತಾಯಿತು. ಹದಿನಾಲ್ಕು ಜನ. ಚಿಪ್ಪಣ್ಣ ತನ್ನ ಮೇಜಿಗೂ ತಾತನ ಮೊಣಕೈಗೂ ನಡುವೆ ಸಿಕ್ಕಿಕೊಂಡು, ಉಸಿರಾಡಲೂ ಆಗದೆ, ಪರಮ ಸುಖದಲ್ಲಿದ್ದ.

ನಾಲ್ಕು ಗಂಟೆಗೆ ಮೇಸ್ತ್ರಿ ಓವನ್ನು ಹೊಸದಾಗಿ ಬಂದಾಗಿನ ಕತೆ ಎತ್ತಿಕೊಂಡ. ಮೊದಲ ದಿನ ಸಕ್ಕರೆಯ ಬದಲು ಉಪ್ಪಿನ ಮೂಟೆ ಸುರಿದದ್ದು, ಆಗಿನ ಯಜಮಾನರು ಬಂದು ಒಂದು ಬಿಸ್ಕತ್ತು ತಿಂದು, ಮರ್ಯಾದಸ್ಥರಾದ್ದರಿಂದ ಏನೂ ಹೇಳದೆ ಇನ್ನೊಂದು ತಿಂದದ್ದು. ಯಾರೂ ಮಿಸುಕಲಿಲ್ಲ. ಹತ್ತು ನಿಮಿಷ ಕಳೆಯಿತು. ಇನ್ನೂ ಹತ್ತು ಕಳೆಯಿತು. ಯಜಮಾನರು ಮೂರನೇ ಬಿಸ್ಕತ್ತಿಗೆ ಕೈ ಹಾಕಿದ್ದರು.

ತಾತ ಮೂಗು ಮೇಲೆತ್ತಿದ. "ಏನೋ ಸೀದ ವಾಸನೆ ಅಲ್ವಾ?"

"ಚಿಪ್ಪು! ಚಿಪ್ಪು ಸುಡ್ತಾ ಇದೆ!" ಎಂದು ಸೂಪರ್‌ವೈಸರು ಕಿರುಚಿ, ಯಾರದೋ ನೀರಿನ ಬಾಟಲಿ ಕಸಿದುಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿಸಿದ. ಚಿಪ್ಪಣ್ಣ ಮಗುವಿಗೆ ಅಡ್ಡ ಬೀಳುವ ತಾಯಿಯಂತೆ ಪೆಟ್ಟಿಗೆಯ ಮೇಲೆ ಕವಿದುಬಿದ್ದ. ನೀರೆಲ್ಲ ಅವನ ಬೆನ್ನಿನ ಮೇಲೆ. ಬೆನ್ನು ನೆಂದರೂ ವಾಸನೆ ಹೆಚ್ಚಾಗುತ್ತಲೇ ಇತ್ತು. ಆಗ ಮೇಸ್ತ್ರಿಯ ಮುಖ ನಿಧಾನವಾಗಿ, ಬೆಂದ ಕಡೆಯೂ ಬೇಯದ ಕಡೆಯೂ ಒಂದೇ ಬಣ್ಣವಾಯಿತು.

"ನನ್ನ ಓವನ್ನು!"

ಮಂಡಿ ನೋವನ್ನು ಮರೆತು ಅವನು ಓಡಿದ್ದನ್ನು ನೋಡಿದವರು ಆಮೇಲೂ ಬಹಳ ಕಾಲ ಹೇಳಿಕೊಳ್ಳುತ್ತಿದ್ದರು. ಆದರೆ ಓವನ್ನಿನ ಪಟ್ಟಿಯ ಮೇಲೆ ನಾಲ್ಕು ಸಾವಿರ ಬಿಸ್ಕತ್ತು ಬೂಟಿನ ಅಟ್ಟೆಯಂತಾಗಿ ಸಾಲಾಗಿ ಹೊರಗೆ ಬರುತ್ತಿದ್ದವು.

ಮ್ಯಾನೇಜರು ಅದರಲ್ಲಿ ಒಂದನ್ನು ಕೈಯಲ್ಲಿ ಹಿಡಿದೇ ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಗೇಟು ಕಾಯುವವನು ಇಲ್ಲಿ, ಫೋನು ಎತ್ತುವವಳು ಇಲ್ಲಿ, ಮಹಡಿಯವರೆಲ್ಲ ಇಲ್ಲಿ. ನಡುವೆ ಒದ್ದೆ ಕೋಳಿಯಂತೆ ನಡುಗುತ್ತ ಚಿಪ್ಪಣ್ಣ.

"ಏನ್ರೀ ಇದು, ಸಂತೆನಾ? ಆ ಮನುಷ್ಯ ಇಲ್ಲಿ ತಲೆ ಒಡ್ಕೊಂಡು ಕೆಲ್ಸ ಮಾಡ್ತಿದ್ರೆ ಅವನ ಮೇಲೆ ನೀರು ಸುರೀತೀರಾ? ಹೊರಗೆ! ಎಲ್ಲರೂ ಹೊರಗೆ!"

ಒಂದು ನಿಮಿಷದಲ್ಲಿ ಕೋಣೆ ಖಾಲಿ. ತಾತನ ಟೋಪಿ ಮಾತ್ರ ಚೀಲದ ಮೇಲೆ ಉಳಿಯಿತು. ಅದನ್ನೂ ಮ್ಯಾನೇಜರು ಎತ್ತಿ ಹೊರಗೆ ಎಸೆದು, ಯಾರೂ ಬರದಂತೆ ಬಾಗಿಲಿಗೆ ತಾವೇ ಬೆನ್ನು ಕೊಟ್ಟು ನಿಂತರು. "ಐದಕ್ಕೆ ಇನ್ನೂ ಅರ್ಧ ಗಂಟೆ ಇದೆ. ಈಗ ಮಾಡಿ. ಒಂದು ನೊಣಾನೂ ಒಳಗೆ ಬಿಡಲ್ಲ ನಾನು."

ಹೊರಗೆ ಓಣಿಯಲ್ಲಿ ಮೇಸ್ತ್ರಿ ಬಿಕ್ಕುವುದು ಕೇಳಿಸುತ್ತಿತ್ತು. ಚಿಪ್ಪಣ್ಣ ಒದ್ದೆ ಬೆರಳಿನಿಂದ ಎರಡು ಗೆರೆಗಳನ್ನು ಅಳಿಸಿದ. ಓಡಿಸಿದ. ಹಸಿರು ದೀಪ ಮಿನುಗಿತು, ಮಿನುಗುತ್ತಲೇ ಹೋಯಿತು. ಅದನ್ನೇ ಒಂದು ಡಿಸ್ಕಿಗೆ ತುಂಬಿಸಿ ಓವನ್ನಿನ ಪೆಟ್ಟಿಗೆಗೆ ಹಾಕಿ ಬಂದ. ಆಫೀಸಿನ ಪರದೆಯ ಮೇಲೆ ಆರು ದಿನದಿಂದ ಖಾಲಿಯಿದ್ದ ಜಾಗದಲ್ಲಿ ಅಂಕಿಗಳು ಮೂಡಿದವು: ಇನ್ನೂರ ಹದಿನಾಲ್ಕು. ಇನ್ನೂರ ಹದಿಮೂರು.

ಮ್ಯಾನೇಜರು ಗಡಿಯಾರ ನೋಡಿಕೊಂಡರು. "ಒಂಬತ್ತು ನಿಮಿಷ! ಆರು ದಿನ ಆಗದ್ದು ಒಂಬತ್ತು ನಿಮಿಷದಲ್ಲಿ!"

ಚಿಪ್ಪಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ತಪ್ಪೆಲ್ಲ ನಂದು. ಇದು ಬೆಳಗ್ಗೆ ಹನ್ನೊಂದೂವರೆಗೇ ಸರಿ ಹೋಗಿತ್ತು. ನಾನೇ ಬೇಕಂತ ಕೆಡಿಸಿ ಇಟ್ಕೊಂಡಿದ್ದೆ. ಮೇಸ್ತ್ರೀನ ಬೈಬೇಡಿ. ಜನ ಇದ್ರು, ಮಾತಾಡ್ತಿದ್ರು, ಅದಕ್ಕೇ..."

ಮ್ಯಾನೇಜರು ಅವನನ್ನೇ ದಿಟ್ಟಿಸಿ ನೋಡಿದರು. ಕಣ್ಣಲ್ಲಿ ನೀರು ಬಂತು. ಹೊರಗೆ ನಿಂತಿದ್ದವರನ್ನೆಲ್ಲ ಕರೆದರು.

"ಕೇಳಿಸ್ಕೊಂಡ್ರಾ? ನೀವು ಇವರಿಗೆ ಇಡೀ ದಿನ ಹಿಂಸೆ ಕೊಟ್ರಿ. ಇವರು ನಿಮ್ಮನ್ನ ಉಳಿಸೋಕೆ ತಾವೇ ಕೆಡಿಸಿದ್ದು ಅಂತ ಸುಳ್ಳು ಹೇಳ್ತಿದಾರೆ. ಇದಪ್ಪಾ ದೊಡ್ಡತನ ಅಂದ್ರೆ!"

"ಸುಳ್ಳಲ್ಲ ಸಾರ್..."

"ಸಾಕು, ಇನ್ನು ಹೇಳ್ಬೇಡಿ, ನನಗೂ ಅಳು ಬರುತ್ತೆ." ಮೂಗು ಒರೆಸಿಕೊಂಡು, ಅವನ ಒದ್ದೆ ಭುಜದ ಮೇಲೆ ಕೈಯಿಟ್ಟರು. "ಹೊಸ ಓವನ್ ಬೇಡವೇ ಬೇಡ. ಇಂಥವೇ ಇನ್ನೂ ಹನ್ನೊಂದು ಹಳೇ ಮಷೀನಿವೆ, ಎಲ್ಲದಕ್ಕೂ ನೀವೇ ಡ್ರೈವರ್ ಬರೀಬೇಕು. ರಿಟೈರ್ ಆಗೋವರೆಗೂ ಕೆಲ್ಸ ಗ್ಯಾರಂಟಿ. ಆದ್ರೆ ಈ ಗಲಾಟೇಲಿ ಅಲ್ಲ. ನಿಮಗೆ ಬೇಕಿರೋದು ಏಕಾಂತ ಅಂತ ಇವತ್ತು ನಾನು ಕಣ್ಣಾರೆ ನೋಡಿದೆ. ನಾಳೆಯಿಂದ ನೀವು ಕಾರ್ಖಾನೆಗೆ ಬರೋದೇ ಬೇಡ. ಮನೇಲೇ ಕೂತು ಮಾಡಿ. ಒಂದೊಂದೇ ಮಷೀನು ನಿಮ್ಮ ಮನೆಗೇ ಕಳಿಸ್ತೀನಿ."

"ಸಾರ್, ಮನೇಲಿ ನಾನು ಒಬ್ನೇ ಇರೋದು."

"ಅದೇ ತಾನೇ ಬೇಕಿರೋದು!" ಎಂದು ಮ್ಯಾನೇಜರು ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದವರೂ ತಟ್ಟಿದರು.

ಐದೂವರೆಗೆ ಮೇಸ್ತ್ರಿಯೂ ಸೂಪರ್‌ವೈಸರೂ ಸೇರಿ ಅವಳಿ ಪೆಟ್ಟಿಗೆಯನ್ನು ಹೊತ್ತು ಕಾರ್ಖಾನೆಯ ವ್ಯಾನಿನಲ್ಲಿ ಇಟ್ಟರು. ಗೇಟಿನ ತಾತ ಎಂದೂ ಹೊಡೆಯದ ಸಲ್ಯೂಟ್ ಹೊಡೆದ. ರಿಸೆಪ್ಷನ್ ಮೇಡಂ ವ್ಯಾನಿನ ಕಿಟಕಿಯ ಬಳಿ ಬಂದು, ಅಳುಮುಖ ಮಾಡಿಕೊಂಡು ನಿಂತಳು.

"ನಮ್ಮಿಂದ ತುಂಬಾ ತೊಂದ್ರೆ ಆಯ್ತು ಚಿಪ್ಪಣ್ಣೋರೇ. ಅತ್ತೆ ಕತೆ ಬೇರೆ ಹೇಳಿ ತಲೆ ತಿಂದೆ. ಇನ್ಮೇಲೆ ಅಪ್ಪಿತಪ್ಪಿನೂ ನಿಮಗೆ ಫೋನ್ ಮಾಡಲ್ಲ. ಬೇರೆಯವರಿಗೂ ಕೊಡಲ್ಲ. ನಂಬರನ್ನೇ ಅಳಿಸ್ಬಿಟ್ಟಿದೀನಿ."

"ಅತ್ತೆ ಆಮೇಲೆ ಮಾತಾಡಿದ್ರಾ?" ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ವ್ಯಾನು ಹೊರಟಿತು.

ವ್ಯಾನ್ ಓಡಿಸುತ್ತಿದ್ದವನು ಅವನದೇ ವಯಸ್ಸಿನ, ಅಗಲ ಮುಖದ, ನಗುಮುಖದ ಮನುಷ್ಯ. ಮನೆ ಊರಾಚೆ, ದಾರಿ ಮುಕ್ಕಾಲು ಗಂಟೆಯದು. ಚಿಪ್ಪಣ್ಣನಿಗೆ ಎದೆಯಲ್ಲಿ ಸ್ವಲ್ಪ ಆಸೆ ಚಿಗುರಿತು. ಗಂಟಲು ಸರಿ ಮಾಡಿಕೊಂಡ.

"ನೀವೂ ಡ್ರೈವರ್ರು, ನಾನೂ ಒಂಥರಾ ಡ್ರೈವರ್ರೇ ನೋಡಿ," ಎಂದ.

ವ್ಯಾನಿನವನು ತುಟಿಯ ಮೇಲೆ ಬೆರಳಿಟ್ಟು, ಬಹಳ ಮರ್ಯಾದೆಯಿಂದ ತಲೆಯಾಡಿಸಿದ. ಸಣ್ಣಗೆ ಹಾಡುತ್ತಿದ್ದ ರೇಡಿಯೋವನ್ನೂ ಆರಿಸಿ, ಪಿಸುದನಿಯಲ್ಲಿ ಹೇಳಿದ:

"ಮ್ಯಾನೇಜರ್ ಸಾಹೇಬ್ರು ಖಡಕ್ಕಾಗಿ ಹೇಳಿದಾರೆ ಸಾರ್. ದಾರೀಲಿ ನಿಮ್ಮ ಜೊತೆ ಒಂದು ಮಾತೂ ಆಡ್ಬಾರ್ದಂತೆ. ನೀವು ಆರಾಮಾಗಿ ಯೋಚ್ನೆ ಮಾಡ್ಕೊಳ್ಳಿ."

ಆಮೇಲೆ ಮುಕ್ಕಾಲು ಗಂಟೆ ಅವನು ಹಾರನ್ನು ಕೂಡ ಹೊಡೆಯಲಿಲ್ಲ.